ನೌರಸಪುರದ ಅರಸ, ಕಲ್ಯಾಣದ ಲಕ್ಕಮ್ಮ

"ಬಿಜಾಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹನ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ಧರ್ಮ, ತತ್ವ, ಕಲೆ, ರಾಜಕೀಯ ಎಲ್ಲ ಒಂದೇ ಎನ್ನುವುದು ಕೇಳಲು ಚೆಂದ. ಆದರೆ ಸುಲ್ತಾನ ಸರಸ್ವತಿಯನ್ನು ಹಾಡಿದರೆ ಅದು ಪ್ರಜೆಗಳನ್ನು ಒಲಿಸಿಕೊಳ್ಳುವ ತಂತ್ರ, ಅಲ್ವಾ? ನಾಲ್ಕೂ ತಮ್ಮ ತಮ್ಮ ಜಾಗದಲ್ಲಿದ್ದರೇ ಒಳ್ಳೆಯದು."
— ಧಾರವಾಡದ ಓದುಗರೊಬ್ಬರು

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಅನುಮಾನ ಸರಿಯಾದದ್ದೇ. ಗದ್ದುಗೆಯ ಮೇಲೆ ಕೂತವರು ದೇವರ ಹೆಸರೆತ್ತಿದಾಗ ಹುಷಾರಾಗಿರಬೇಕು. ಇಬ್ರಾಹಿಮನಿಗೆ 'ಜಗದ್ಗುರು' ಎಂಬ ಹೆಸರೂ ಬಂತು. ಅದರಿಂದ ಅವನಿಗೆ ಅನುಕೂಲ ಆಗಿರಲಿಕ್ಕೂ ಸಾಕು.

ಆದರೆ ಬರೀ ತಂತ್ರವಾಗಿದ್ದರೆ ದೇವಸ್ಥಾನಕ್ಕೆ ಒಂದಿಷ್ಟು ದತ್ತಿ ಬಿಟ್ಟು ಸುಮ್ಮನಾಗಬಹುದಿತ್ತು. ಅವನು ತಾನೇ ದಖ್ಖನ್ನಿನ ಹಳೆಯ ಉರ್ದುವಾದ ದಖನಿಯಲ್ಲಿ ಹಾಡು ಕಟ್ಟಿದ, ರಾಗ ಕೂಡಿಸಿದ. ಆ ಹಾಡುಗಳ ಪುಸ್ತಕ 'ಕಿತಾಬ್-ಎ-ನೌರಸ್'ನಲ್ಲಿ ಸರಸ್ವತಿ, ಗಣಪತಿ ಇದ್ದಾರೆ. ಕಲಬುರಗಿಯ ಸೂಫಿ ಸಂತ ಬಂದೇ ನವಾಜರೂ ಇದ್ದಾರೆ. ಅವನ ಮುದ್ದಿನ ತಂಬೂರಿ ಮೋತಿಖಾನ್ ಕೂಡ ಇದೆ! ತಂಬೂರಿಯನ್ನು ಹೆಸರಿಟ್ಟು ಕರೆದವನ ಸಂಗೀತವನ್ನು ಬರೀ ತೋರಿಕೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನೌರಸ್ ಎಂದರೆ ನವರಸ. ಈ ವಿಚಾರ ಅವನಿಗಿಂತ ಬಹಳ ಹಳೆಯದು. ನಾಟ್ಯಶಾಸ್ತ್ರದ ಭರತ ಹೇಳಿದ್ದು ಎಂಟು ರಸ, ಶಾಂತ ಆಮೇಲೆ ಸೇರಿತು. ಸುಮಾರು ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ಆ ಶಾಂತವೇ ಉಳಿದ ರಸಗಳ ಬೇರು ಎಂದ. ಅವನು ಶೈವ ದಾರ್ಶನಿಕ. ನಾಟಕ ನೋಡುತ್ತ ನಮ್ಮನ್ನೇ ಮರೆಯುವ ಸುಖಕ್ಕೂ ಬ್ರಹ್ಮಾನಂದಕ್ಕೂ ನಂಟು ಕಂಡವನು. ಅಂದರೆ ಧರ್ಮ, ತತ್ವ, ಕಲೆ ಮೊದಲೇ ಬೆರೆತಿದ್ದವು. ಇಬ್ರಾಹಿಂ ಅದಕ್ಕೊಂದು ಊರು ಕಟ್ಟಿದ. 1599ರಲ್ಲಿ, ಬಿಜಾಪುರದ ಪಕ್ಕದಲ್ಲೇ, ನೌರಸಪುರ.

ಅವನು ಸೋತದ್ದೂ ಅಲ್ಲೇ. 1624ರಲ್ಲಿ ಅಹಮದ್‌ನಗರದ ಸೇನಾಪತಿ ಮಲಿಕ್ ಅಂಬರ್ ದಾಳಿ ಮಾಡಿ ಆ ಊರನ್ನು ಹಾಳುಗೆಡವಿದ. ಅರಸನೊಬ್ಬನ ಒಲವನ್ನೇ ನಂಬಿ ನಿಂತ ಊರು ಮತ್ತೆ ಏಳಲಿಲ್ಲ.

ಹಾಗಂತ ನಾಲ್ಕನ್ನೂ ದೂರ ದೂರ ಇಡಿ ಎಂಬ ನಿಮ್ಮ ಮಾತನ್ನು ಒಪ್ಪಲಾರೆ. ಹನ್ನೆರಡನೇ ಶತಮಾನದ ಕಲ್ಯಾಣವನ್ನು ನೆನೆಯಿರಿ. ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ. ಒಮ್ಮೆ ದಿನಕ್ಕಿಂತ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ ಬಿಡಲಿಲ್ಲ, ಅಲ್ಲೇ ಸುರಿದು ಬಾ ಎಂದಳು. ಆಸೆ ಅರಸರಿಗಿರಲಿ, ಶಿವಭಕ್ತರಿಗೇಕೆ ಎಂದು ವಚನದಲ್ಲೇ ಕೇಳಿದಳು. ದೇವರು, ದುಡಿಮೆ, ಪಾಲು, ಕವಿತೆ ಎಲ್ಲ ಆ ಒಂದು ಮಾತಿನಲ್ಲಿವೆ. ಯಾವುದನ್ನು ಹೇಗೆ ಬಿಡಿಸುತ್ತೀರಿ? ಅವಳಿಗೆ ಗದ್ದುಗೆ ಇರಲಿಲ್ಲ, ಒಲಿಸಿಕೊಳ್ಳಬೇಕಾದ ಪ್ರಜೆಗಳೂ ಇರಲಿಲ್ಲ.

ಇಬ್ರಾಹಿಂ ನನಗೆ ತುಂಬಾ ಇಷ್ಟ. ಆದರೂ ಈ ವಿಷಯದಲ್ಲಿ ನನ್ನ ಓಟು ಲಕ್ಕಮ್ಮನಿಗೇ. ಅವಳ ವಚನಗಳು ಕೆಲವೇ ಇವೆ, ಓದಿ ಮತ್ತೆ ಬರೆಯಿರಿ.