ಗಣಿತದಲ್ಲಿ ಐಗನ್ ವ್ಯಾಲ್ಯೂ ಅಂತಾರಲ್ಲ, ಆ ‘ಐಗನ್’ ಯಾರು?

ಐಗನ್ ಅನ್ನುವ ವಿಜ್ಞಾನಿಯಿಂದ ಈ ಹೆಸರು ಬಂತಾ ಅಂತ ಕೇಳಿದ್ದೀರಿ. ಇಲ್ಲ. ಮ್ಯಾನ್‌ಫ್ರೆಡ್ ಐಗನ್ ಅನ್ನುವ ಜರ್ಮನ್ ರಸಾಯನ ವಿಜ್ಞಾನಿ ಇದ್ದದ್ದು ನಿಜ. 1967ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಆದರೆ ಅವರು ಹುಟ್ಟಿದ್ದೇ 1927ರಲ್ಲಿ. ಗಣಿತಜ್ಞ ಡೇವಿಡ್ ಹಿಲ್ಬರ್ಟ್ 1904ರಲ್ಲೇ ‘ಐಗೆನ್‌ವೆರ್ಟ್’ ಅನ್ನುವ ಜರ್ಮನ್ ಪದ ಬಳಸಿದ್ದರು. ವೆರ್ಟ್ ಅಂದರೆ ಬೆಲೆ. ಇಂಗ್ಲಿಷಿನವರು ಅದನ್ನು ಮಾತ್ರ ವ್ಯಾಲ್ಯೂ ಮಾಡಿಕೊಂಡು, ಮೊದಲ ಅರ್ಧವನ್ನು ಹಾಗೇ ಬಿಟ್ಟರು.

‘ಐಗೆನ್’ ಅಂದರೆ ಸ್ವಂತದ್ದು, ತನ್ನದೇ ಆದದ್ದು. ಒಂದು ಮ್ಯಾಟ್ರಿಕ್ಸಿನಿಂದ (ಸಾಲು ಸಾಲಾಗಿ ಜೋಡಿಸಿದ ಅಂಕಿಗಳ ಪಟ್ಟಿ) ವೆಕ್ಟರನ್ನು (ಉದ್ದ, ದಿಕ್ಕು ಎರಡೂ ಇರುವ ಬಾಣ ಅಂದುಕೊಳ್ಳಿ) ಗುಣಿಸಿದರೆ ಸಾಮಾನ್ಯವಾಗಿ ದಿಕ್ಕು ಬದಲಾಗುತ್ತದೆ. ಕೆಲವು ವೆಕ್ಟರುಗಳು ಮಾತ್ರ ತಮ್ಮ ಗೆರೆ ಬಿಟ್ಟು ಕದಲುವುದಿಲ್ಲ. ಅವು ಆ ಮ್ಯಾಟ್ರಿಕ್ಸಿನ ಸ್ವಂತ ವೆಕ್ಟರುಗಳು. ಎಷ್ಟು ಪಟ್ಟು ಹಿಗ್ಗಿದವು ಅಥವಾ ಕುಗ್ಗಿದವು ಅನ್ನುವುದೇ ಸ್ವಂತ ಬೆಲೆ, ಅಂದರೆ ಐಗನ್ ವ್ಯಾಲ್ಯೂ. ಇಷ್ಟನ್ನು ಕ್ಲಾಸಿನಲ್ಲಿ ಮೊದಲೇ ಹೇಳಿದರೆ ಎಷ್ಟು ಜನರ ತಲೆನೋವು ಉಳಿಯುತ್ತೆ, ಅಲ್ವಾ?

ನನಗೆ ಗಣಿತಕ್ಕಿಂತ ಈ ಪದದ ಮೇಲೇ ಆಸೆ ಜಾಸ್ತಿ. ಇಂಗ್ಲಿಷಿನ ‘ಓನ್’, ಸ್ಕಾಟ್ಲೆಂಡಿನವರ ‘ಏನ್’, ಸ್ವೀಡನ್ನಿನ ‘ಏಗೆನ್’ ಎಲ್ಲ ಇದೇ ಮನೆತನದವು. ‘ಹೊಂದಿರು’ ಅನ್ನುವ ಅರ್ಥದ ಒಂದು ಹಳೇ ಕ್ರಿಯಾಪದ ಇತ್ತು, ಇವೆಲ್ಲ ಅದರಿಂದ ಹುಟ್ಟಿದವು. ಇಂಗ್ಲಿಷಿನಲ್ಲಿ ಆ ಕ್ರಿಯಾಪದವೇ ‘ಓ’ (owe) ಆಗಿದೆ, ಅಂದರೆ ಸಾಲ ಇರುವುದು. ಒಡೆತನದ ಪದ ಸಾಲಕ್ಕೆ ಹೇಗೆ ಬಂತು ಅಂದರೆ, ‘ಕೊಡುವುದು ನನ್ನ ಹತ್ತಿರ ಇದೆ’ ಅನ್ನುತ್ತಾ ಅನ್ನುತ್ತಾ ‘ಕೊಡಬೇಕಾಗಿದೆ’ ಅನ್ನುವ ಕಡೆಗೆ ಜಾರಿತು. ‘ಮಾಡಬೇಕು’ ಅನ್ನುವ ‘ಆಟ್’ (ought) ಕೂಡ ಇದರದ್ದೇ ಹಳೇ ಭೂತಕಾಲದ ರೂಪ.

ಐಸ್‌ಲ್ಯಾಂಡಿನ ಭಾಷೆಯಲ್ಲಿ ಆ ಕ್ರಿಯಾಪದ ಇನ್ನೂ ಗಟ್ಟಿಯಾಗಿದೆ. ಅಲ್ಲಿ ‘ನನಗೆ ತಮ್ಮ ಇದ್ದಾನೆ’ ಅನ್ನಲೂ ಅದೇ, ‘ನಾನು ಹೋಗಬೇಕು’ ಅನ್ನಲೂ ಅದೇ. ಗಂಡನಿಗೆ ‘ಸ್ವಂತ ಗಂಡಸು’, ಹೆಂಡತಿಗೆ ‘ಸ್ವಂತ ಹೆಂಗಸು’ ಅಂತಲೇ ಹೆಸರು. ಯಾರ ಮೇಲೆ ಯಾರ ಒಡೆತನ ಅಂತ ಮಾತ್ರ ಕೇಳಬೇಡಿ! ಯಿಡ್ಡಿಷ್ ಮಾತಾಡುವ ಯಹೂದಿಗಳಿಗೆ ‘ಎಯ್ಗೆನೆ’ ಅಂದರೆ ನೆಂಟರು, ನಮ್ಮೋರು.

ಜರ್ಮನ್ನಿನಲ್ಲಿ ಒಂದೇ ಬೇರಿಗೆ ಎರಡು ಕಡೆ ಕೊಂಬೆ. ‘ಐಗೆನ್‌ಟೂಮ್’ ಅಂದರೆ ಆಸ್ತಿ. ‘ಐಗೆನ್‌ಶಾಫ್ಟ್’ ಅಂದರೆ ಗುಣ. ‘ಐಗೆನ್‌ಆರ್ಟಿಗ್’ ಅಂದರೆ ವಿಚಿತ್ರ. ನಾವೂ ‘ಅವನದ್ದೇ ಒಂದು ಥರ’ ಅಂತೀವಲ್ಲ, ಹಾಗೆ. ಡಚ್ಚರು ಯಾರ ಮಾತೂ ಕೇಳದೆ ತನಗೇ ಎಲ್ಲ ಗೊತ್ತು ಅನ್ನುವವನನ್ನು ‘ಸ್ವಂತ ಬುದ್ಧಿಯವನು’ ಅನ್ನುತ್ತಾರೆ. ಅದು ಹೊಗಳಿಕೆ ಅಲ್ಲ.

ಇದೇ ಪದಕ್ಕೆ ಕೆಟ್ಟ ಮುಖವೂ ಇದೆ. ‘ಲೈಬ್‌ಐಗೆನ್’ ಅಂದರೆ ಮೈಯೇ ಇನ್ನೊಬ್ಬರ ಸ್ವತ್ತು ಆಗಿರುವವನು, ಅಂದರೆ ಜಮೀನ್ದಾರನ ಜೀತದಾಳು. ಈಗ ಚೆಕ್ ದೇಶದಲ್ಲಿರುವ ಬೊಹೇಮಿಯಾದಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ 1781ರಲ್ಲಿ ಹೊರಡಿಸಿದ ಆಜ್ಞೆ ರದ್ದು ಮಾಡಿದ್ದು ಈ ಪದ್ಧತಿಯನ್ನೇ. ಆಮೇಲೆ ಅಲ್ಲಿನ ರೈತ ಒಡೆಯನ ಅಪ್ಪಣೆ ಇಲ್ಲದೆ ಮದುವೆ ಆಗಬಹುದಿತ್ತು, ಊರು ಬಿಟ್ಟು ಹೋಗಬಹುದಿತ್ತು. ಬಿಟ್ಟಿ ದುಡಿಮೆ ಮಾತ್ರ ಪೂರ್ತಿ ತಪ್ಪಲಿಲ್ಲ.

ಅಂದಹಾಗೆ, ಭಾಷಾ ವಿಜ್ಞಾನಿಗಳು ಈ ಹಳೇ ಕ್ರಿಯಾಪದಕ್ಕೂ ಸಂಸ್ಕೃತದ ‘ಈಶ್’ ಧಾತುವಿಗೂ ಮೂಲ ಒಂದೇ ಅನ್ನುತ್ತಾರೆ. ‘ಈಶ್’ ಅಂದರೆ ಒಡೆತನ ಮಾಡು, ಆಳು. ನಮ್ಮ ಈಶ್ವರ ಬಂದಿದ್ದು ಅಲ್ಲಿಂದ.