ಬಂಡಲ್ ಹಂಚುವ ಕೈ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಅವರು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ವಯಸ್ಸು 47. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಸೂಪರ್‌ವೈಸರ್. ಕೈಕೆಳಗೆ 32 ಹೆಣ್ಣುಮಕ್ಕಳು. ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಆರು ವರ್ಷದಿಂದ ಸ್ತ್ರೀಯರ ಕೂಟದ ಅಧ್ಯಕ್ಷೆ. ಎರಡೂ ಕಡೆ ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುತ್ತಾರೆ. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಮೊದಲ ದಿನ ಮೊಣಕಾಲು ನೋವು, ಮಗಳ ಮದುವೆ, ಬಿಸಿಲು ಅಂತ ಸುಮಾರು ಹೊತ್ತು ಮಾತಾಡಿದರು. ಆಮೇಲೆ ಸ್ವಲ್ಪ ಸುಮ್ಮನಿದ್ದು ಹೇಳಿದರು: "ನಾನು ಒಳಗ ಬಂದ್ರ ಎಲ್ಲರೂ ಮಾತು ನಿಲ್ಲಿಸ್ತಾರ್ರೀ ಮೇಡಂ. ಮೊದಲು ಹಿಂಗ ಇರ್ಲಿಲ್ಲ."

ಅದರ ಹಿಂದೆ ಒಂದು ಸಂಗತಿ ಇತ್ತು. ಘಟಕದಲ್ಲಿ ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕ ಪ್ರಾರ್ಥನೆ ನಡೆಸುತ್ತಿದ್ದರು. ಬನ್ನಿ ಅಂತ ಯಾರನ್ನೂ ಒತ್ತಾಯ ಮಾಡಿರಲಿಲ್ಲ. ಎರಡು ವರ್ಷದ ಮಗುವಿದ್ದ ಒಬ್ಬ ಹುಡುಗಿ ಮೊದಲು ಬರುತ್ತಿದ್ದವಳು ಬರುವುದನ್ನು ಬಿಟ್ಟಳು. ಸ್ವಲ್ಪ ದಿನ ಕಳೆದ ಮೇಲೆ ಅವಳು ಸಭಾಪಾಲಕರ ಹೆಂಡತಿಯ ಹತ್ತಿರ ಹೇಳಿಕೊಂಡಳಂತೆ, ಪ್ರಾರ್ಥನೆಗೆ ಹೋಗದಿದ್ದರೆ ಅಲ್ಲಿ ಕೆಲಸ ಸಿಗಲ್ಲ ಅಂತ. ಮಾತು ಅಕ್ಕನ ಕಿವಿಗೂ ಬಿತ್ತು.

"ಸುಳ್ಳು ಹೇಳ್ಯಾಳ್ರೀ. ಆಕಿಗೆ ಮಷಿನ್ ತುಳಿಯೋದು ಕಲಿಸಿದಾಕೀನ ನಾನು."

ಇಲ್ಲಿ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಬೇಕು. ಕಟಿಂಗ್ ಆದ ಬಟ್ಟೆ ಬಂಡಲ್ ಕಟ್ಟಿಕೊಂಡು ಬರುತ್ತದೆ. ಕೂಲಿ ಪೀಸಿನ ಲೆಕ್ಕ. ಎಷ್ಟು ಬಂಡಲ್ ಮುಗಿಸಿದರೋ ಅಷ್ಟು ಶನಿವಾರದ ಬಟವಾಡೆ. ಎಲ್ಲ ಬಂಡಲ್ ಒಂದೇ ತರ ಅಲ್ಲ. ನೇರ ಹೊಲಿಗೆ ಬೇಗ ಸಾಗುತ್ತದೆ, ಜಿಪ್ಪು, ಜೇಬಿಗೆ ಹೊತ್ತು ಹಿಡಿಯುತ್ತದೆ. ಹಾಗಾಗಿ ಯಾವ ಬಂಡಲ್ ಯಾರ ಮುಂದೆ ಬೀಳುತ್ತದೆ ಅನ್ನುವುದರ ಮೇಲೆ ಒಂದು ಮನೆಯ ಬಾಡಿಗೆ, ಹಾಲು, ಮಗುವಿನ ಔಷಧಿ ನಿಂತಿರುತ್ತದೆ. ಆ ಘಟಕದಲ್ಲಿ ಬಂಡಲ್ ಹಂಚುವ ಕೈ ಅಕ್ಕನದು.

ಹಂಚಿದ್ದನ್ನು ಬರೆದಿಡುವ ನೋಟ್‌ಬುಕ್ ತರಲು ಹೇಳಿದೆ. ಮುಂದಿನ ಭೇಟಿಗೆ ತಂದರು. ಹಿಂದಿನ ಎರಡು ತಿಂಗಳ ಹಾಳೆಗಳನ್ನು ಇಬ್ಬರೂ ಕೂತು ನೋಡಿದೆವು. ನಾನು ಏನೂ ಹೇಳಲಿಲ್ಲ. ಅವರೇ ಬೆರಳಿಟ್ಟು ಎಣಿಸಿದರು. ವಾರಕ್ಕೆ 12 ಬಂಡಲ್ ಪಡೆಯುತ್ತಿದ್ದ ಹುಡುಗಿಗೆ ಕಡೆಯ ವಾರಗಳಲ್ಲಿ 7 ಸಿಕ್ಕಿತ್ತು. ಸಿಕ್ಕಿದ್ದೂ ಹೆಚ್ಚಿನದು ಜಿಪ್ಪಿನ ಕೆಲಸ. ಗುರುವಾರ ಬರುವ ಹೆಣ್ಣುಮಕ್ಕಳ ಹೆಸರಿನ ಮುಂದೆ ನೇರ ಹೊಲಿಗೆ.

ತುಂಬಾ ಹೊತ್ತಾದ ಮೇಲೆ ಅಕ್ಕ ಹೇಳಿದ್ದು, "ಬೇಕಂತ ಮಾಡಿಲ್ಲರೀ."

ನಾನು ನಂಬಿದೆ. ಈಗಲೂ ನಂಬುತ್ತೇನೆ. ನಮ್ಮನ್ನು ಕಂಡು ಮುಖ ಅರಳಿಸುವವರ ಕಡೆಗೆ ಕೈ ತಾನಾಗಿ ಚಾಚುತ್ತದೆ. ಆದರೆ ಆ ಮಗುವಿಗೆ ಹಾಲು ಕಡಿಮೆಯಾದದ್ದಂತೂ ಆಯಿತು, ಅಲ್ವಾ? ಬೇಕಂತ ಕೂಲಿ ಹಿಡಿದಿದ್ದರೆ ನಾನು ಅವರನ್ನು ಕೂರಿಸಿಕೊಂಡು ಸಮಾಧಾನ ಹೇಳುತ್ತಿರಲಿಲ್ಲ. ಅದು ಕಾರ್ಮಿಕ ಇಲಾಖೆಗೆ ಹೋಗಬೇಕಾದ ಮಾತು. ಅದನ್ನು ಅವರಿಗೂ ಹೇಳಿದೆ.

ಅಲ್ಲಿಂದ ಮುಂದೆ ಕಷ್ಟವಾಯಿತು. ಅಧಿಕಾರ ಅನ್ನುವ ಮಾತು ಬಂದರೆ ಸಾಕು, ಅಕ್ಕ ತಡೆಯುತ್ತಿದ್ದರು. "ನನ್ನದೇನು ಅಧಿಕಾರರೀ? ದಾರ ಕತ್ತರಿಸೋ ಕೆಲಸದಿಂದ ಬಂದಾಕಿ ನಾನು. ನಾನು ಮಾಡೋದು ಸೇವೆ."

ನನಗೆ ಈ ಪ್ರಕರಣದ ಗಂಟು ಸಿಕ್ಕಿದ್ದು ಆ ಮಾತಿನಲ್ಲೇ. ಕೆಳಗಿನಿಂದ ಹತ್ತಿ ಬಂದವರಿಗೆ ತಾವು ಮೇಲಿದ್ದೇವೆ ಅನ್ನುವುದು ಕಾಣುವುದಿಲ್ಲ. ಕ್ರೈಸ್ತರಿಗೆ ಇನ್ನೂ ಒಂದು ಪರದೆ ಇದೆ, ಸೇವೆ ಅನ್ನುವ ಪದ. 1810ರಲ್ಲಿ ನಮ್ಮ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಇಲ್ಲಿಂದಲೇ ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಮಾಡಿದರು. ಅಂದಿನಿಂದ ಸೇವೆ, ದಾಸ, ಆಳು ಅನ್ನುವ ಪದಗಳು ನಮ್ಮ ಬಾಯಲ್ಲಿ ಉರುಳಿ ಉರುಳಿ ನುಣ್ಣಗಾಗಿವೆ. ಈಗ ಅವು ಚುಚ್ಚುವುದಿಲ್ಲ. ಸೇವೆ ಅಂತ ಹೆಸರಿಟ್ಟ ಮೇಲೆ ಯಾರೂ ಲೆಕ್ಕ ಕೇಳುವ ಹಾಗಿಲ್ಲ.

ಇಬ್ಬರೂ ಬೈಬಲಿನ ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಓದಿದೆವು. ಏಸು ಶಿಷ್ಯರ ಕಾಲು ತೊಳೆದ ಭಾಗ. ಅಕ್ಕನಿಗೆ ಬಾಯಿಪಾಠ. ಆದರೆ ಏಸು ಟವೆಲ್ಲು ಕಟ್ಟಿಕೊಳ್ಳುವ ಮೊದಲಿನ ಮಾತನ್ನು ಅವರು ಗಮನಿಸಿರಲಿಲ್ಲ. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ ಅಂತ ಆತನಿಗೆ ಗೊತ್ತಿತ್ತು. ಗೊತ್ತಿದ್ದೇ ಊಟದಿಂದ ಎದ್ದ. ನನ್ನ ಕೈಯಲ್ಲಿ ಏನೂ ಇಲ್ಲ ಅನ್ನಲಿಲ್ಲ. ತೊಳೆದಾದ ಮೇಲೂ, ನೀವು ನನ್ನನ್ನು ಗುರು, ಕರ್ತ ಅನ್ನುತ್ತೀರಿ, ಅದು ಸರಿಯೇ ಅಂದ. ನಡುವೆ ಶಿಷ್ಯ ಪೇತ್ರ, ನನ್ನ ಕಾಲು ತೊಳೆಯುವುದೇ ಬೇಡ ಅಂತ ಮುಖಕ್ಕೇ ಹೇಳಿದ. ಹಾಗೆ ಹೇಳುವಷ್ಟು ಸಲಿಗೆ ಅವನಿಗಿತ್ತು.

"ಅಕ್ಕ, ನಿಮಗೆ ಬೇಡ ಅಂತ ಹೇಳೋ ಒಬ್ಬರ ಹೆಸರು ಹೇಳಿ" ಅಂದೆ.

ಯಾರೂ ನೆನಪಾಗಲಿಲ್ಲ. ಅಳು ಬಂತು.

"ಯಾರಿಗೆ ಎಷ್ಟು ಕೊಡಬೇಕು ಅನ್ನೋದು ನಿನಗ ಬಿಟ್ಟದ್ದು ಅಂತ ಯಜಮಾನರ ಹೇಳ್ಯಾರ" ಅಂತ ಇನ್ನೊಂದು ದಿನ ವಾದ ಮಾಡಿದರು. ಬೈಬಲಿನ ನೆಹೆಮೀಯನ ನೆನಪು ಮಾಡಿದೆ. ಯೆಹೂದದ ದೇಶಾಧಿಪತಿಯಾಗಿ 12 ವರ್ಷ ಅವನಿಗೆ ಊಟದ ಖರ್ಚು ಜನರಿಂದ ಪಡೆಯುವ ಹಕ್ಕಿತ್ತು. ಹಿಂದಿನವರೆಲ್ಲ ಪಡೆದಿದ್ದರು. ಜನರ ಮೇಲೆ ಆಗಲೇ ಭಾರ ಜಾಸ್ತಿ ಇದೆ ಅಂತ ಅವನು ಮುಟ್ಟಲಿಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು ಬಂಡಲ್ ಹಂಚುವುದನ್ನು ಸರದಿಗೆ ಹಾಕಿ, ಎಲ್ಲರಿಗೂ ಕಾಣುವ ಬೋರ್ಡಿನ ಮೇಲೆ ಬರೆಸಿ. ಬರೆಯುವವರು ಸಭೆಯವರಾಗಿರಬಾರದು. ಪ್ರಾರ್ಥನೆಯನ್ನು ಘಟಕದಿಂದ ಹೊರಗೆ ತನ್ನಿ, ಕೆಲಸ ಮುಗಿದ ಮೇಲೆ ಬೇರೆ ಯಾರದಾದರೂ ಮನೆಯಲ್ಲಿ ಇಟ್ಟುಕೊಳ್ಳಿ. ಅದನ್ನು ಕರೆಯುವವರು ನೀವಾಗಿರಬೇಡಿ. ಇದು ಅವರಿಗೆ ತುಂಬಾ ನೋವು ಕೊಟ್ಟಿತು, ದೇವರ ಕೆಲಸವನ್ನೇ ನಿಲ್ಲಿಸು ಅಂದ ಹಾಗಾಯಿತು ಅವರಿಗೆ. ಆದರೆ ಬಂಡಲ್ ಹೋಗುತ್ತದೆ ಅನ್ನುವ ಭಯಕ್ಕೆ ಹೇಳಿದ ಆಮೆನ್ ದೇವರಿಗೆ ಹೇಗೆ ಮುಟ್ಟೀತು? ಅಲ್ಲಿ ಹಿಂದೂ, ಮುಸ್ಲಿಂ ಹೆಣ್ಣುಮಕ್ಕಳೂ ಇದ್ದಾರೆ.

ಹುಡುಗಿಗೆ ಒಂದು ಒಳ್ಳೆಯ ಸೀರೆ ಕೊಟ್ಟು ತಪ್ಪಾಯಿತು ಅನ್ನಬೇಕು ಅಂದುಕೊಂಡಿದ್ದರು. ನಾನು ಬೇಡವೇ ಬೇಡ ಅಂದೆ. ಸೀರೆ ತೆಗೆದುಕೊಂಡರೆ ಅವಳು ಋಣಕ್ಕೆ ಬೀಳುತ್ತಾಳೆ. ಬೈಬಲಿನಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಉಡುಗೊರೆ ಕೊಡಲಿಲ್ಲ, ಅನ್ಯಾಯವಾಗಿ ಕಿತ್ತುಕೊಂಡದ್ದಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ. ಕೈತಪ್ಪಿದ ಬಂಡಲ್‌ಗಳ ಕೂಲಿಯನ್ನು ಲೆಕ್ಕ ಹಾಕಿ, ಬಾಕಿ ಅಂತಲೇ ಕೊಡಿ. ನಿಮ್ಮ ಕೋಣೆಗೆ ಕರೆಸಬೇಡಿ, ಅವಳಿಗೆ ಬೇಕಾದವರನ್ನು ಜೊತೆಗೆ ಇಟ್ಟುಕೊಳ್ಳಲಿ. ತಪ್ಪನ್ನು ಹೇಳಿ, ಆದರೆ ಕ್ಷಮಿಸು ಅಂತ ಕೇಳಬೇಡಿ. ಕೂಲಿ ಕೊಡುವವರು ಕ್ಷಮೆ ಕೇಳಿದರೆ ಕೂಲಿಯವಳು ಇಲ್ಲ ಅನ್ನೋಕೆ ಆಗುತ್ತಾ?

ಎಲ್ಲರ ಮುಂದೆ ನಿಂತು, ಯಾರ ಎತ್ತು ತೆಗೆದುಕೊಂಡಿದ್ದೇನೆ ಹೇಳಿ ಅಂತ ಬೈಬಲಿನ ಪ್ರವಾದಿ ಸಮುವೇಲ ಕೇಳಿದ ಹಾಗೆ ಕೇಳಲಾ ಅಂದರು. ಸಮುವೇಲ ಕೇಳಿದ್ದು ಮುಪ್ಪಿನಲ್ಲಿ, ಜನರಿಗೆ ಅರಸನನ್ನು ನೇಮಿಸಿಕೊಟ್ಟ ಮೇಲೆ. ಬಂಡಲ್ ಇನ್ನೂ ನಿಮ್ಮ ಕೈಯಲ್ಲಿರುವಾಗ ಕೇಳಿದರೆ ಎಲ್ಲರೂ ಏನೂ ಇಲ್ಲ ಅಕ್ಕ ಅಂತಾರೆ, ನೀವು ನಂಬಿಕೊಂಡು ಮನೆಗೆ ಹೋಗುತ್ತೀರಿ ಅಂದೆ. ಅದಕ್ಕೆ ಮೊದಲು ಬೋರ್ಡು.

ಕೂಟದ ಅಧ್ಯಕ್ಷತೆ ಬಿಡಲು ಒಂದು ದಿನ ಗೊತ್ತುಮಾಡಿ ಅಂತಲೂ ಹೇಳಿದೆ. ಇದನ್ನು ಸ್ವಲ್ಪ ಬೇಗ ಹೇಳಿಬಿಟ್ಟೆ ಅನಿಸುತ್ತದೆ. ಎರಡು ವಾರ ಅವರು ಬರಲಿಲ್ಲ.

ಮತ್ತೆ ಬಂದಾಗ ಬಾಕಿ ಕೊಟ್ಟಾಗಿತ್ತು. ಹುಡುಗಿ ತನ್ನ ಅತ್ತೆಯನ್ನು ಕರೆದುಕೊಂಡು ಬಂದಿದ್ದಳು. ದುಡ್ಡು ಎಣಿಸಿಕೊಂಡಳು, ಒಂದು ಮಾತೂ ಆಡಲಿಲ್ಲ. "ಏನರ ಅಂದಿದ್ರ ಚಲೋ ಇತ್ತು" ಅಂದರು ಅಕ್ಕ. ಆ ಮೌನ ಅವಳದು, ಅದನ್ನು ಅವಳಿಗೇ ಬಿಡಿ ಅಂದೆ.

ಬೋರ್ಡು ಬರೆಯುವುದು ಈಗ ಎಲ್ಲರೂ ಖಾಲಾ ಅನ್ನುವ ಒಬ್ಬ ಹಿರಿಯ ಟೈಲರ್. ಹೋದ ವಾರ ಅಕ್ಕ ಅವಸರದ ಆರ್ಡರ್ ಇದೆ ಅಂತ ಸರದಿ ದಾಟಿಸಿ ಒಂದು ಬಂಡಲ್ ಎತ್ತಿ ಬೇರೆಯವಳ ಮುಂದೆ ಇಟ್ಟರಂತೆ. ಖಾಲಾ ಎಲ್ಲರ ಮುಂದೆ, "ಇದು ಆಕಿದಲ್ಲ ಅಕ್ಕ, ವಾಪಸ್ ಇಡ್ರಿ" ಅಂದರಂತೆ. ಮಷಿನ್‌ಗಳೆಲ್ಲ ನಿಂತವು.

"ಮೈ ಉರೀತ್ರೀ ಮೇಡಂ. ಹೋಗಿ ಒಂದು ಲೋಟ ನೀರು ಕುಡಿದೆ. ಬಂದು ಬಂಡಲ್ ವಾಪಸ್ ಇಟ್ಟೆ." ಸ್ವಲ್ಪ ತಡೆದು ಮತ್ತೆ ಹೇಳಿದರು: "ಅವತ್ತು ಮಧ್ಯಾಹ್ನ ನಾನು ಇದ್ದಾಗಲೇ ಮಾತಾಡಿಕೋತ ಉಂಡ್ರು."