ಜನಾಂಗಹತ್ಯೆಯ ಉದ್ದೇಶ ಸಾಬೀತಾಗದಿದ್ದರೂ ಬೋಸ್ನಿಯಾದ ಸರ್ಬ್ ಸೇನೆಯ ಜನರಲ್ ಕ್ರಸ್ಟಿಚ್‌ಗೆ ಶಿಕ್ಷೆ ಹೇಗಾಯಿತು?
ಹಿಂದಿನ ಯುಗೊಸ್ಲಾವಿಯಾದ ಯುದ್ಧಾಪರಾಧಗಳ ವಿಚಾರಣೆಗೆ ರಚಿಸಿದ ನ್ಯಾಯಮಂಡಳಿಯ ಶಾಸನದಲ್ಲಿ 7(1) (ಅಪರಾಧದಲ್ಲಿ ತಾನೇ ಭಾಗಿಯಾದ ಹೊಣೆ) ಮತ್ತು 7(3) (ಅಧೀನರ ಅಪರಾಧಕ್ಕೆ ಮೇಲಧಿಕಾರಿಯ ಹೊಣೆ) ವಿಧಿಗಳನ್ನು ಒಂದೇ ಎಂದುಕೊಂಡದ್ದರಿಂದ ಬಹುಶಃ ಈ ಗೊಂದಲ. ಜನರಲ್ ಕ್ರಸ್ಟಿಚ್ ಮೇಲೆ ಉಳಿದದ್ದು ಮೇಲಧಿಕಾರಿಯ ಹೊಣೆಯಲ್ಲ, 7(1)ರಡಿ ಜನಾಂಗಹತ್ಯೆಗೆ ನೆರವಾದ ಅಪರಾಧ. ಮುಖ್ಯ ಸೇನಾ ಕಚೇರಿಯ ಕೆಲವರ ಉದ್ದೇಶ ತಿಳಿದೂ 1995ರಲ್ಲಿ ಬೋಸ್ನಿಯಾ ಮುಸ್ಲಿಮರ ಸಾಮೂಹಿಕ ಹತ್ಯೆ ನಡೆದ ಸ್ರೆಬ್ರೆನಿಟ್ಸಾದಲ್ಲಿ ತಮ್ಮ ಸೇನಾ ವಿಭಾಗವಾದ ದ್ರಿನಾ ಕೋರ್‌ನ ಸಿಬ್ಬಂದಿ, ಸಂಪನ್ಮೂಲ ಬಳಸಲು ಬಿಟ್ಟರು ಎಂದಿತು 2004ರ ಮೇಲ್ಮನವಿ ತೀರ್ಪು. ಶಿಕ್ಷೆ 46ರಿಂದ 35 ವರ್ಷಕ್ಕಿಳಿಯಿತು.

ಇಂಥ ಯಾವುದೇ ತೀರ್ಪು ಓದುವಾಗ ಅದರ ಕೊನೆಯ ಆದೇಶ ಭಾಗದಲ್ಲಿ ಯಾವ ವಿಧಿ ಇದೆ ಎಂದು ಮೊದಲು ನೋಡಿ. 7(3) ಇದ್ದರೆ ಮೂರು ಅಂಶ ಹುಡುಕಿ: ಅಧೀನರ ಮೇಲೆ ನಿಜವಾದ ಹಿಡಿತ, ಗೊತ್ತಿತ್ತು ಅಥವಾ ಗೊತ್ತಾಗಲು ಕಾರಣವಿತ್ತು ಎಂಬುದು, ತಡೆಯಲು ಇಲ್ಲವೇ ಶಿಕ್ಷಿಸಲು ಬೇಕಾದ ಕ್ರಮ ಕೈಗೊಳ್ಳದಿರುವುದು. ಪದವಿಯೊಂದೇ ಸಾಲದು, ಮೇಲಧಿಕಾರಿಯ ಆದೇಶಗಳು ಪಾಲನೆಯಾಗುತ್ತಿದ್ದವೇ ಎಂಬುದೇ ಮುಖ್ಯ.

ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಮೂಲ ಕಾನೂನಾದ ರೋಮ್ ಶಾಸನದಲ್ಲಿ ಮೇಲಧಿಕಾರಿಯ ಹೊಣೆ ಹೇಳುವ 28ನೇ ವಿಧಿಯ ‘ತಿಳಿದಿರಬೇಕಿತ್ತು’ ಎಂಬ ಮಾನದಂಡ ಜನಾಂಗಹತ್ಯೆಗೆ ಸಾಕೇ? ಕಾನೂನು ಪಂಡಿತರಲ್ಲಿ ಒಮ್ಮತವಿಲ್ಲ, ನಿಮ್ಮ ಪ್ರಬಂಧದಲ್ಲಿ ಅದನ್ನು ಇತ್ಯರ್ಥವಾದ ಮಾತೆಂದು ಬರೆಯಬೇಡಿ.